ಮದುವೆಗೆ ಒಂದು ಹಾಳೆ ಸಾಕು, ಸಂಸಾರಕ್ಕೆ ಒಂದು ಫೈಲೇ ಬೇಕು

ಪ್ರಶ್ನೆ: ನಮಸ್ಕಾರ ಸರ್. ನಾನು ಅಮೆರಿಕದಲ್ಲಿ ಎಂ.ಎಸ್. ಮುಗಿಸಿ ಎಫ್-1 ವಿದ್ಯಾರ್ಥಿ ವೀಸಾದ ಓಪಿಟಿ (ಓದು ಮುಗಿದ ಮೇಲೆ ಸ್ವಲ್ಪ ಕಾಲ ಕೆಲಸ ಮಾಡಲು ಸಿಗುವ ಅನುಮತಿ) ಮೇಲೆ ಕೆಲಸ ಮಾಡುತ್ತಿದ್ದೇನೆ. ಎಂಟು ತಿಂಗಳ ಹಿಂದೆ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಮದುವೆ ಆಯಿತು. ಗಂಡ ಇಲ್ಲೇ ಹುಟ್ಟಿದವರು, ಸಿಟಿಜನ್. ನನ್ನ ಕೆಲಸ ಬೇರೆ ಊರಲ್ಲಿ, ಹಾಗಾಗಿ ಜೊತೆಗಿರುವುದು ಶನಿವಾರ, ಭಾನುವಾರ ಮಾತ್ರ. ಅವರು ಪಿಎಚ್.ಡಿ. ಮಾಡುತ್ತಿದ್ದಾರೆ, ಆದಾಯ ಕಡಿಮೆ. ಮದುವೆಗೆ ಎರಡೂ ಮನೆಯವರು ಬಂದಿರಲಿಲ್ಲ. ಇರುವುದೇ ಹನ್ನೆರಡು ಫೋಟೋ. ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದರೆ ಸುಳ್ಳು ಮದುವೆ ಅಂದುಬಿಡುತ್ತಾರೇನೋ ಅಂತ ಭಯ. ವಕೀಲರು ಬೇಕೇ ಬೇಕಾ? ಊರಲ್ಲಿ ಅಮ್ಮನಿಗೆ ಒಂದು ಆಪರೇಷನ್ ಆಗಬೇಕಿದೆ. ಅರ್ಜಿ ಹಾಕಿದ ಮೇಲೆ ಹೋಗಿ ಬರಬಹುದಾ?

ಉತ್ತರ: ಅಮ್ಮನ ವಿಷಯ ನೀವು ಕೊನೆಗೆ ಕೇಳಿದ್ದೀರಿ, ನಾನು ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ಪತ್ರದಲ್ಲಿರುವ ಬೇರೆ ಯಾವುದರಲ್ಲಿ ಎಡವಿದರೂ ತಿದ್ದಿಕೊಳ್ಳಬಹುದು. ಇದರಲ್ಲಿ ಎಡವಿದರೆ ಕಷ್ಟ.

ಅಮೆರಿಕದಲ್ಲೇ ಇದ್ದು ಗ್ರೀನ್ ಕಾರ್ಡ್ ಕೇಳುವವರು ಹಾಕುವ ಅರ್ಜಿ ಐ-485. ಅದನ್ನು ಹಾಕಿದ ಮೇಲೆ, ಅಡ್ವಾನ್ಸ್ ಪರೋಲ್ ಅನ್ನುವ ಅನುಮತಿ ಪತ್ರ ಕೈಗೆ ಬರುವ ಮೊದಲೇ ನೀವು ದೇಶ ಬಿಟ್ಟರೆ, ಅರ್ಜಿಯನ್ನು ನೀವೇ ಕೈಬಿಟ್ಟಿರಿ ಅಂತ ಲೆಕ್ಕ. ಫೀ ವಾಪಸ್ ಬರುವುದಿಲ್ಲ, ಮತ್ತೆ ಮೊದಲಿಂದ ಶುರು ಮಾಡಬೇಕು. ಎಚ್-1ಬಿ, ಎಲ್-1 ಅನ್ನುವ ಕೆಲಸದ ವೀಸಾದವರು ಮತ್ತು ಅವರ ಗಂಡ, ಹೆಂಡತಿ, ಮಕ್ಕಳ ವೀಸಾಗಳಂಥ ಕೆಲವಕ್ಕೆ ಮಾತ್ರ ಇದರಿಂದ ವಿನಾಯಿತಿ ಇದೆ. ಆಫೀಸಿನಲ್ಲಿ ಯಾರಾದರೂ "ನಾನೂ ಹೋಗಿ ಬಂದೆ, ಏನೂ ಆಗಲಿಲ್ಲ" ಅಂದರೆ, ಅವರು ಯಾವ ವೀಸಾದಲ್ಲಿದ್ದರು ಅಂತ ಕೇಳಿ. ಎಫ್-1ಗೆ ಆ ಸೌಕರ್ಯ ಇಲ್ಲ.

ಹಾಗಾದರೆ ಈಗಲೇ ಹೋಗಿ ಬಂದು, ಆಮೇಲೆ ಅರ್ಜಿ ಹಾಕಿದರೆ? ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆದರೆ ಎಫ್-1 ಅನ್ನುವುದು ಓದು ಮುಗಿಸಿ ವಾಪಸ್ ಹೋಗುವವರ ವೀಸಾ. ಇಲ್ಲೇ ನೆಲೆಸುವ ಉದ್ದೇಶ ಇಟ್ಟುಕೊಂಡು ಅದರ ಮೇಲೆ ಒಳಗೆ ಬರುವ ಹಾಗಿಲ್ಲ. ವಿಮಾನ ನಿಲ್ದಾಣದ ಅಧಿಕಾರಿ "ಗಂಡ ಯಾರು, ಮುಂದೇನು" ಅಂತ ಕೇಳಿದಾಗ ನಿಜ ಹೇಳಿದರೆ ಅಲ್ಲೇ ತಡೆಯಬಹುದು. ಸುಳ್ಳು ಹೇಳಿದರೆ ಅದು ಜೀವನವಿಡೀ ಕಾಡುವ ತಪ್ಪಾಗುತ್ತದೆ. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುಗಿದಿದ್ದರೆ ಇನ್ನೂ ಕಷ್ಟ. ಹೊಸ ಸ್ಟಾಂಪಿಂಗಿಗೆ ಹೋದಾಗ ಸಿಟಿಜನ್ ಗಂಡ ಇದ್ದಾರೆ ಅನ್ನುವ ಕಾರಣಕ್ಕೇ ನಿರಾಕರಿಸಬಹುದು.

ನಿಮಗೆ ಎರಡು ದಾರಿ ಕಾಣುತ್ತವೆ. ಆಪರೇಷನ್‌ಗೆ ಇನ್ನೂ ಕೆಲವು ತಿಂಗಳಿದ್ದರೆ, ತಡ ಮಾಡದೆ ಅರ್ಜಿ ಹಾಕಿ. ಜೊತೆಗೇ ಐ-131 ಹಾಕಿ ಅಡ್ವಾನ್ಸ್ ಪರೋಲ್ ಕೇಳಿ. ಆಸ್ಪತ್ರೆಯ ಪತ್ರ ಇಟ್ಟು ತುರ್ತಾಗಿ ಕೊಡಿ ಅಂತ ವಲಸೆ ಅರ್ಜಿ ನೋಡುವ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಮನವಿ ಮಾಡಬಹುದು. ಪತ್ರದಲ್ಲಿ ಕಾಯಿಲೆ ಏನು, ಆಪರೇಷನ್ ಯಾವ ದಿನ, ಮಗಳು ಯಾಕೆ ಬರಬೇಕು ಅನ್ನುವುದು ಸ್ಪಷ್ಟವಾಗಿರಲಿ. "ಹುಷಾರಿಲ್ಲ" ಅನ್ನುವ ಒಂದು ಸಾಲಿನ ಚೀಟಿ ಕೆಲಸಕ್ಕೆ ಬರುವುದಿಲ್ಲ. ಮನವಿ ಒಪ್ಪಲೇಬೇಕು ಅಂತಿಲ್ಲ, ಅದು ಗೊತ್ತಿರಲಿ.

ಇಲ್ಲ, ಹೋಗಲೇಬೇಕು, ಹೋದರೆ ಅಮ್ಮನ ಹತ್ತಿರ ತಿಂಗಳುಗಟ್ಟಲೆ ಇರಬೇಕು ಅಂದರೆ, ಇಲ್ಲಿ ಐ-485 ಹಾಕಬೇಡಿ. ಇವಳು ನನ್ನ ಹೆಂಡತಿ ಅಂತ ಸಿಟಿಜನ್ ಹಾಕುವ ಅರ್ಜಿ ಐ-130. ಗಂಡ ಅದನ್ನು ಮಾತ್ರ ಹಾಕಲಿ. ಅದು ಮಂಜೂರಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಅಲ್ಲಿ 325 ಮತ್ತು 120 ಡಾಲರ್ ಕಟ್ಟಬೇಕು, ಡಿಎಸ್-260 ಅನ್ನುವ ಫಾರಂ ತುಂಬಬೇಕು. ಆಮೇಲೆ ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನ. ಅದು ಮುಗಿಯುವ ತನಕ ಗಂಡ ಇಲ್ಲಿ, ನೀವು ಅಲ್ಲಿ. ಅದೇ ಅದರ ಬೆಲೆ.

ಇಲ್ಲಿ ಮಧ್ಯೆ ಒಂದು ಮಾತು, ನಿಮಗಲ್ಲ, ಇದನ್ನು ಓದುವ ಬೇರೆಯವರಿಗೆ. ವೀಸಾ ಅವಧಿ ಮೀರಿ ಇಲ್ಲಿದ್ದವರಿಗೂ ಸಿಟಿಜನ್ ಗಂಡನ ಅಥವಾ ಹೆಂಡತಿಯ ಮೂಲಕ ಇಲ್ಲೇ ಅರ್ಜಿ ಹಾಕಲು ಸಾಮಾನ್ಯವಾಗಿ ಅವಕಾಶ ಇದೆ. ಒಳಗೆ ಬಂದಾಗ ಅಧಿಕಾರಿಯ ಎದುರು ಹಾಯ್ದು ಬಂದಿರಬೇಕು, ಅಷ್ಟೇ. ಆದರೆ ಅಂಥವರು "ಒಂದು ಸಲ ಊರಿಗೆ ಹೋಗಿ ಬರೋಣ" ಅಂತ ಹೊರಟರೆ ಕಥೆಯೇ ಬೇರೆ. 180 ದಿನಕ್ಕಿಂತ ಜಾಸ್ತಿ ಅಕ್ರಮವಾಗಿ ಇದ್ದು ಹೊರಟರೆ 3 ವರ್ಷ, ಒಂದು ವರ್ಷ ಅಥವಾ ಜಾಸ್ತಿ ಇದ್ದು ಹೊರಟರೆ 10 ವರ್ಷ ವಾಪಸ್ ಬರುವ ಹಾಗಿಲ್ಲ. ವಿಮಾನ ಹತ್ತಿದ ಮೇಲೆ ಶುರುವಾಗುವ ಶಿಕ್ಷೆ ಅದು.

ಇನ್ನು ನಿಮ್ಮ ಭಯ.

ಹನ್ನೆರಡು ಫೋಟೋ ಸಾಕು. ಮದುವೆ ಆಗಿದೆ ಅಂತ ತೋರಿಸಲು ಕೌಂಟಿ ಕೊಟ್ಟ ಸರ್ಟಿಫಿಕೇಟ್ ಒಂದೇ ಹಾಳೆ, ಅದರ ಬಗ್ಗೆ ಯಾರೂ ತಕರಾರು ಮಾಡುವುದಿಲ್ಲ. ಅಧಿಕಾರಿ ನೋಡುವುದು ಬೇರೆ. ಮದುವೆಯಾದ ದಿನ ನೀವಿಬ್ಬರೂ ಒಟ್ಟಿಗೆ ಬಾಳಬೇಕು ಅಂದುಕೊಂಡಿದ್ದಿರಾ, ಇಲ್ಲಾ ಕಾರ್ಡಿಗಾಗಿ ಸಹಿ ಹಾಕಿದಿರಾ? ಮನಸ್ಸಿನಲ್ಲಿ ಏನಿತ್ತು ಅಂತ ಯಾರಿಗೂ ಕಾಣುವುದಿಲ್ಲ, ಅದಕ್ಕೆ ಆಮೇಲೆ ನಡೆದ ಸಂಸಾರವನ್ನು ನೋಡುತ್ತಾರೆ. ನಮ್ಮ ಜನ ಎಡವುವುದು ಇಲ್ಲೇ. ಮದುವೆಯನ್ನು ಸಾಬೀತು ಮಾಡಲು ಹೋಗುತ್ತಾರೆ, ಸಂಸಾರವನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ.

ನನ್ನ ಹತ್ತಿರ ಬಂದಿದ್ದ ಒಂದು ಜೋಡಿ ನೆನಪಾಗುತ್ತದೆ. ಎರಡು ದಪ್ಪ ಆಲ್ಬಂ, ಮುನ್ನೂರು ಜನರ ಆರತಕ್ಷತೆ. ಜಂಟಿ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್ ಕೇಳಿದೆ. ತೆರೆದ ದಿನ 500 ಡಾಲರ್ ಹಾಕಿದ್ದರು. ಏಳು ತಿಂಗಳಾದರೂ ಅದೇ 500. ಒಂದು ಹಾಲಿನ ಬಿಲ್ಲೂ ಅದರಿಂದ ಹೋಗಿರಲಿಲ್ಲ. ಅರ್ಜಿಗೆಂದೇ ತೆರೆದ ಖಾತೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ಪಾಪ, ಅವರ ಸಂಸಾರ ನಿಜವಾದದ್ದೇ. ಆದರೆ ಖರ್ಚೆಲ್ಲ ಗಂಡನ ಹಳೆಯ ಕಾರ್ಡಿನಲ್ಲಿ ನಡೆಯುತ್ತಿತ್ತು. ನಾನು ಆ ಹಳೆಯ ಕಾರ್ಡಿನ ಸ್ಟೇಟ್‌ಮೆಂಟ್ ತರಿಸಿದೆ. ಹೆಂಡತಿಯ ಹೆಸರಿನ ಎರಡನೇ ಕಾರ್ಡ್, ಅದರಲ್ಲಿ ಔಷಧಿ ಅಂಗಡಿ, ಪೆಟ್ರೋಲು, ದಿನಸಿ, ತಿಂಗಳಿಗೊಮ್ಮೆ ಕ್ಷೌರ. ಆಲ್ಬಂಗಿಂತ ಆ ನಾಲ್ಕು ಹಾಳೆಗೇ ತೂಕ ಜಾಸ್ತಿ.

ನೀವು ಬೇರೆ ಬೇರೆ ಊರಲ್ಲಿದ್ದೀರಿ ಅನ್ನುವುದು ಅಡ್ಡಿಯಲ್ಲ, ಆದರೆ ವಿವರಿಸಬೇಕಾದ ಸಂಗತಿ. 1975ರಲ್ಲಿ ಬಾರ್ಕ್ ಅನ್ನುವವರ ಕೇಸಿನಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ. ಗಂಡ ಹೆಂಡತಿ ದೂರ ಇದ್ದಾರೆ ಅಂದ ಮಾತ್ರಕ್ಕೆ ಮದುವೆ ಸುಳ್ಳಾಗುವುದಿಲ್ಲ. ಕೆಲಸ, ಓದು, ಜಗಳ, ಕಾರಣ ನೂರು ಇರುತ್ತವೆ. ವಲಸೆ ಬಂದವರ ಸಂಸಾರ ಇಲ್ಲಿನವರ ಸಂಸಾರಕ್ಕಿಂತ ಚೆನ್ನಾಗಿರಬೇಕು ಅಂತ ಕೇಳುವ ಹಕ್ಕು ಸರ್ಕಾರಕ್ಕಿಲ್ಲ ಅನ್ನುವುದು ಅದರ ಸಾರ.

ಹಾಗಂತ ಸುಮ್ನೆ ಕೂರುವುದಲ್ಲ. ಪ್ರತಿ ಶುಕ್ರವಾರ ಸಂಜೆ ನೀವು ಅಥವಾ ಅವರು ಪ್ರಯಾಣ ಮಾಡುತ್ತೀರಲ್ವಾ? ಬಸ್ ಟಿಕೆಟ್ ಇದ್ದರೆ ಅದು, ಕಾರಾದರೆ ಟೋಲ್ ಸ್ಟೇಟ್‌ಮೆಂಟ್. ಶುಕ್ರವಾರ ರಾತ್ರಿ ಏಳೂವರೆಗೆ ಒಂದು ಕಡೆಗೆ, ಭಾನುವಾರ ರಾತ್ರಿ ಹತ್ತಕ್ಕೆ ಇನ್ನೊಂದು ಕಡೆಗೆ ಅಂತ ಮೂವತ್ತು ವಾರದ ಸಾಲು ಕಂಡರೆ, ಅದನ್ನು ಯಾರೂ ನಾಟಕ ಅನ್ನಲಾರರು. ಎರಡೂ ಮನೆಯ ಬಾಡಿಗೆ ಕರಾರಿನಲ್ಲಿ ಸಾಧ್ಯವಾದರೆ ಇಬ್ಬರ ಹೆಸರೂ ಸೇರಿಸಿ. ಆರೋಗ್ಯ ವಿಮೆಯಲ್ಲಿ ಒಬ್ಬರು ಇನ್ನೊಬ್ಬರನ್ನು ಹಾಕಿಕೊಳ್ಳಿ, ಜೀವ ವಿಮೆ ಮತ್ತು 401ಕೆ ಅನ್ನುವ ನಿವೃತ್ತಿ ಉಳಿತಾಯ ಖಾತೆಗೆ ನಾಮಿನಿ ಮಾಡಿ. ಇವೆಲ್ಲ ಹೇಗೂ ಮಾಡಬೇಕಾದ ಕೆಲಸಗಳೇ.

ಮಾಡಬಾರದ ಕೆಲಸ ಒಂದಿದೆ. ಜೊತೆಗೇ ಇದ್ದೇವೆ ಅಂತ ತೋರಿಸಲು ಎಲ್ಲಾ ಫಾರಂನಲ್ಲೂ ಒಂದೇ ವಿಳಾಸ ಬರೆಯುವುದು. ಐದು ವರ್ಷದ ವಿಳಾಸ, ಐದು ವರ್ಷದ ಕೆಲಸ ಎರಡೂ ಕೇಳುತ್ತಾರೆ. ನಿಮ್ಮ ಸಂಬಳದ ಚೀಟಿ, ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಪತ್ರ ಡಬ್ಲ್ಯು-2, ರಾಜ್ಯ ತೆರಿಗೆ ಎಲ್ಲ ಇನ್ನೊಂದು ಊರು ಹೇಳುತ್ತಿದ್ದರೆ, ನಿಜವಾದ ಮದುವೆಯೇ ಸುಳ್ಳಿನ ಹಾಗೆ ಕಾಣುತ್ತದೆ. ಇದ್ದದ್ದು ಇದ್ದ ಹಾಗೆ ಬರೆಯಿರಿ, ಒಂದು ಪುಟದ ಪತ್ರದಲ್ಲಿ ಕಾರಣ ಹೇಳಿ, ಯಾವಾಗ ಒಂದೇ ಊರಿಗೆ ಬರುವ ಯೋಚನೆ ಇದೆ ಅನ್ನುವುದನ್ನೂ ಸೇರಿಸಿ. ಮನೆ ಬದಲಿಸಿದರೆ 10 ದಿನದೊಳಗೆ ಎಆರ್-11 ಅನ್ನುವ ಫಾರಂ ಮೂಲಕ ತಿಳಿಸಬೇಕು, ಮರೆಯಬೇಡಿ.

ತೆರಿಗೆಯಲ್ಲೂ ಹಾಗೇ. ಡಿಸೆಂಬರ್ 31ಕ್ಕೆ ಮದುವೆಯಾಗಿದ್ದರೆ ಆ ಇಡೀ ವರ್ಷ ನೀವು ಮದುವೆಯಾದವರೇ. ಅಭ್ಯಾಸಬಲದಿಂದ ಗಂಡ "ಸಿಂಗಲ್" ಅಂತ ರಿಟರ್ನ್ ಹಾಕಿಬಿಟ್ಟಿದ್ದರೆ ತಿದ್ದಿಸಿ. ಸಂದರ್ಶನದಲ್ಲಿ ಅಧಿಕಾರಿಯ ಕಣ್ಣು ಬೀಳುವ ಮೊದಲ ಹಾಳೆಗಳಲ್ಲಿ ಅದೂ ಒಂದು.

ಮನೆಯವರು ಮದುವೆಗೆ ಬರಲಿಲ್ಲ ಅನ್ನುವುದು ಅಪರಾಧವಲ್ಲ. ನಿಮ್ಮಿಬ್ಬರನ್ನೂ ಬಲ್ಲ ಇಬ್ಬರು ಸ್ನೇಹಿತರಿಂದ ಪತ್ರ ಬರೆಸಿ. ಅದರಲ್ಲಿ ಅವರ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ದಿನ ಮತ್ತು ಊರು ಇರಬೇಕು. ಅದಕ್ಕಿಂತ ಮುಖ್ಯವಾಗಿ ಅವರು ಕಣ್ಣಾರೆ ಕಂಡದ್ದು ಇರಬೇಕು. "ಇವರದು ಆದರ್ಶ ದಾಂಪತ್ಯ" ಅಂತ ಬರೆದ ಪತ್ರ ದಂಡ. "ನಾನು ಮನೆ ಬದಲಿಸುವಾಗ ಇಬ್ಬರೂ ಬಂದು ಸೋಫಾ ಹೊತ್ತರು, ಮೆಟ್ಟಿಲಲ್ಲಿ ಇಬ್ಬರಿಗೂ ಜಗಳವಾಯಿತು" ಅಂತ ಬರೆದದ್ದು ಕೆಲಸ ಮಾಡುತ್ತದೆ.

ಅರ್ಜಿ ಮತ್ತು ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಸಿಟಿಜನ್‌ನ ಗಂಡ ಅಥವಾ ಹೆಂಡತಿಗೆ ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇಲ್ಲ. ಉದ್ಯೋಗದ ಗ್ರೀನ್ ಕಾರ್ಡಿಗೆ ಭಾರತದವರು ನಿಲ್ಲುವ ಆ ಉದ್ದ ಸಾಲು ನಿಮಗಿಲ್ಲ. ಅದಕ್ಕೇ ಐ-130 ಮತ್ತು ಐ-485 ಒಟ್ಟಿಗೇ ಕಳಿಸಬಹುದು. ಜೊತೆಗೆ ನಿಮ್ಮ ವಿವರದ ಐ-130ಎ, ಕೆಲಸದ ಪರ್ಮಿಟ್‌ಗೆ ಐ-765, ಪ್ರಯಾಣಕ್ಕೆ ಐ-131, ಗಂಡನ ಆರ್ಥಿಕ ಜವಾಬ್ದಾರಿ ಪತ್ರ ಐ-864, ವೈದ್ಯಕೀಯ ವರದಿ ಐ-693. 2024ರ ಏಪ್ರಿಲ್ 1ರಿಂದ ಬಂದ ದರದಲ್ಲಿ, ಕಾಗದದಲ್ಲಿ ಹಾಕುವ ಐ-130ಕ್ಕೆ 675 ಡಾಲರ್, ಐ-485ಕ್ಕೆ 1,440, ಐ-765ಕ್ಕೆ 260, ಐ-131ಕ್ಕೆ 630. ಒಟ್ಟು 3,005. ಕಳಿಸುವ ದಿನವೇ ಫೀ ಪಟ್ಟಿ ಇನ್ನೊಮ್ಮೆ ನೋಡಿ. ಹಾಗೇ ಫಾರಂನ ಪ್ರತಿ ಹಾಳೆಯ ಕೆಳಗೆ ಸಣ್ಣಕ್ಷರದಲ್ಲಿ ಆವೃತ್ತಿಯ ದಿನಾಂಕ ಇರುತ್ತದೆ. ಹೋದ ವರ್ಷ ಸ್ನೇಹಿತರು ಡೌನ್‌ಲೋಡ್ ಮಾಡಿದ್ದ ಫಾರಂ ತುಂಬಿ ಕಳಿಸಿದರೆ ಇಡೀ ಕಟ್ಟು ವಾಪಸ್ ಬರುತ್ತದೆ.

ವೈದ್ಯಕೀಯ ವರದಿ ಮೊದಲೆಲ್ಲ ಆಮೇಲೆ ಕೊಡಬಹುದಿತ್ತು. 2024ರ ಡಿಸೆಂಬರ್ 2ರಿಂದ ಐ-485 ಜೊತೆಗೇ ಇಡಬೇಕು. ನಿಮ್ಮ ಮಾಮೂಲಿ ಡಾಕ್ಟರ್ ಕೊಟ್ಟದ್ದು ನಡೆಯುವುದಿಲ್ಲ, ಸಿವಿಲ್ ಸರ್ಜನ್ ಅಂತ ಗುರುತಿಸಿದವರೇ ಆಗಬೇಕು. ಅವರು ಅಂಟಿಸಿ ಕೊಟ್ಟ ಲಕೋಟೆಯನ್ನು ಕುತೂಹಲಕ್ಕೂ ಬಿಚ್ಚಬೇಡಿ. ನಿಮಗೆ ಬೇಕಾದ ಪ್ರತಿಯನ್ನು ಬೇರೆ ಕೇಳಿ ತೆಗೆದುಕೊಳ್ಳಿ.

ಗಂಡನ ಆದಾಯದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಬಡತನ ರೇಖೆಯ ಶೇಕಡಾ 125ರಷ್ಟು ತೋರಿಸಬೇಕು. ಇಬ್ಬರೇ ಇರುವ ಮನೆಗೆ, 2025ರ ಲೆಕ್ಕದಲ್ಲಿ, ಅದು ವರ್ಷಕ್ಕೆ ಸುಮಾರು 26,437 ಡಾಲರ್. ಅಲಾಸ್ಕಾ ಮತ್ತು ಹವಾಯಿಗೆ ಬೇರೆ ಲೆಕ್ಕ. ಪಿಎಚ್.ಡಿ. ಸ್ಟೈಪೆಂಡ್ ಅಷ್ಟಿಲ್ಲದಿದ್ದರೆ ನಿಮ್ಮ ಸಂಬಳವನ್ನೂ ಸೇರಿಸಬಹುದು. ಕೆಲಸ ಅನುಮತಿಯ ಪ್ರಕಾರ ಮಾಡುತ್ತಿರುವುದಾಗಿರಬೇಕು, ಗ್ರೀನ್ ಕಾರ್ಡ್ ಬಂದ ಮೇಲೂ ಅದೇ ಕಡೆಯಿಂದ ಬರುವುದಾಗಿರಬೇಕು. ಓಪಿಟಿ ಕೆಲಸ ಮುಂದುವರಿಯುತ್ತದೆ ಅಂತ ಕಂಪನಿಯಿಂದ ಒಂದು ಪತ್ರ ತನ್ನಿ. ಅದೂ ಸಾಲದಿದ್ದರೆ ಇನ್ನೊಬ್ಬ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರು ಜಂಟಿ ಪ್ರಾಯೋಜಕರಾಗಬಹುದು.

ಆದರೆ ಆ ಸಹಿ ಕೇಳುವಾಗ ಅದರ ಭಾರ ಏನು ಅಂತ ಅವರಿಗೆ ಹೇಳಿ ಕೇಳಿ. ಐ-864 ಸರ್ಕಾರದ ಜೊತೆ ಮಾಡಿಕೊಳ್ಳುವ ಕರಾರು. ಸಾಮಾನ್ಯವಾಗಿ ನೀವು ಸಿಟಿಜನ್ ಆಗುವ ತನಕ, ಇಲ್ಲವೇ ಸುಮಾರು ಹತ್ತು ವರ್ಷದ ಕೆಲಸದ ಲೆಕ್ಕ ತುಂಬುವ ತನಕ ಅದು ಮುಗಿಯುವುದಿಲ್ಲ. ಡೈವೋರ್ಸ್ ಆದರೂ ಮುಗಿಯುವುದಿಲ್ಲ. "ಸುಮ್ನೆ ಒಂದು ಸಹಿ" ಅಂತ ಚಿಕ್ಕಪ್ಪನ ಹತ್ತಿರ ಹಾಕಿಸಿಕೊಂಡು, ಆಮೇಲೆ ಮುಖ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಕನ್ನಡದವರಿಗೇ ಬರುವ ಒಂದು ತೊಡಕು ಹೆಸರಿನದು. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರಿಲ್ಲ, ಇನಿಶಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ದರೆ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಕೂತಿರುತ್ತದೆ. ಮದುವೆ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದಿರುತ್ತೀರಿ, ಜನನ ಪತ್ರದಲ್ಲಿ ಇನ್ನೊಂದು ಥರ. ನೀವು ಬಳಸಿದ ಎಲ್ಲಾ ರೂಪಗಳನ್ನೂ "ಬೇರೆ ಹೆಸರುಗಳು" ಅನ್ನುವ ಜಾಗದಲ್ಲಿ ಬರೆಯಿರಿ. ಜನನ ಪತ್ರವನ್ನು ಈಗಲೇ ತೆಗೆದು ನೋಡಿ. ನಾಮಕರಣಕ್ಕೆ ಮೊದಲೇ ನೋಂದಣಿ ಆಗಿದ್ದರೆ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ಹೆಸರು ಸೇರಿಸಿದ ಹೊಸ ಪ್ರತಿ ತರಿಸಿಕೊಳ್ಳಿ. ಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲವರು ಯಾರಾದರೂ ಮಾಡಿ, ಅನುವಾದ ಸರಿಯಾಗಿದೆ ಅಂತ ಬರೆದು ಸಹಿ ಹಾಕಿದರೆ ಸಾಕು.

ಸಂದರ್ಶನದ ಬಗ್ಗೆ ಜನ ಕಥೆ ಕಟ್ಟುತ್ತಾರೆ. ಬಹಳಷ್ಟು ಜೋಡಿಗಳನ್ನು ಒಟ್ಟಿಗೇ ಕೂರಿಸಿ ಕೇಳುತ್ತಾರೆ. ಹೇಗೆ ಪರಿಚಯ, ಯಾರು ಮೊದಲು ಕೇಳಿದ್ದು, ಬಾಡಿಗೆ ಯಾರು ಕಟ್ಟುತ್ತಾರೆ. ಅನುಮಾನ ಬಂದರೆ ಮಾತ್ರ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಅದೇ ಪ್ರಶ್ನೆ ಕೇಳಿ ತಾಳೆ ನೋಡುತ್ತಾರೆ. ಅದಕ್ಕೆ ಸ್ಟೋಕ್ಸ್ ಸಂದರ್ಶನ ಅನ್ನುತ್ತಾರೆ, ನ್ಯೂಯಾರ್ಕಿನ ಒಂದು ಹಳೆಯ ಕೇಸಿನ ಹೆಸರು. ನನ್ನ ಒಂದೇ ಸಲಹೆ, ಬಾಯಿಪಾಠ ಮಾಡಬೇಡಿ. ಗೊತ್ತಿಲ್ಲದಿದ್ದರೆ "ನೆನಪಿಲ್ಲ" ಅನ್ನಿ. ಒಂದು ಸಲ ಅಧಿಕಾರಿ, ಮನೆಯ ಕಸ ಯಾವ ದಿನ ಹೊರಗಿಡುತ್ತೀರಿ ಅಂತ ಕೇಳಿದರು. ಹೆಂಡತಿ ಮಂಗಳವಾರ ಅಂದರು, ಗಂಡ ಗುರುವಾರ ಅಂದರು. ಹೆಂಡತಿ ತಿರುಗಿ "ನೀನು ಯಾವತ್ತು ಇಟ್ಟಿದ್ದೀಯ, ಗುರುವಾರ ಅನ್ನೋಕೆ?" ಅಂದುಬಿಟ್ಟರು. ಅಧಿಕಾರಿ ನಕ್ಕು ಮುಂದಿನ ಪ್ರಶ್ನೆಗೆ ಹೋದರು.

ನಗು ಬಾರದ ಸಂಗತಿಗಳೂ ಇವೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಕೌಂಟರಿನವರು ವೋಟರ್ ನೋಂದಣಿ ಬೇಕಾ ಅಂತ ಕೇಳುತ್ತಾರೆ. ಗಮನ ಇಲ್ಲದೆ ಸಿಟಿಜನ್ ಅನ್ನುವ ಚೌಕಕ್ಕೆ ಟಿಕ್ ಹಾಕಿದ್ದರೆ ಅದು ದೊಡ್ಡ ತೊಂದರೆ, ಮದುವೆ ಅದನ್ನು ಸರಿ ಮಾಡುವುದಿಲ್ಲ. ಗಾಂಜಾ ಎಷ್ಟೋ ರಾಜ್ಯಗಳಲ್ಲಿ ಕಾನೂನುಬದ್ಧ, ಆದರೆ ಗ್ರೀನ್ ಕಾರ್ಡ್ ಕೊಡುವುದು ಕೇಂದ್ರ ಸರ್ಕಾರ, ಅದರ ಲೆಕ್ಕದಲ್ಲಿ ಈಗಲೂ ತಪ್ಪು. ಇವೆರಡರಲ್ಲಿ ಒಂದಾದರೂ ನಿಮಗೆ ತಗುಲುವುದಾದರೆ ಅರ್ಜಿ ಹಾಕುವ ಮೊದಲೇ ವಕೀಲರ ಹತ್ತಿರ ಹೋಗಿ.

ನಿಮಗೆ ಮೊದಲು ಸಿಗುವುದು ಬಹುಶಃ ಎರಡು ವರ್ಷದ ಕಾರ್ಡು. ಅರ್ಜಿ ಹಾಕಿದ ದಿನ ಲೆಕ್ಕಕ್ಕಿಲ್ಲ, ಮಂಜೂರಾದ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಷರತ್ತಿನ ಕಾರ್ಡು. 1986ರಲ್ಲಿ ಸುಳ್ಳು ಮದುವೆ ತಡೆಯಲು ತಂದ ಕಾನೂನು ಅದು. ಕಾರ್ಡು ಮುಗಿಯುವ ಮೊದಲಿನ 90 ದಿನದಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಯಿರಿ ಅಂತ ಕೇಳುವ ಐ-751 ಹಾಕಬೇಕು, ಮತ್ತೆ ಸಂಸಾರದ ಕಾಗದ ತೋರಿಸಬೇಕು. ಅದಕ್ಕೇ ಈಗಿನ ಫೈಲನ್ನು ಅರ್ಜಿ ಕಳಿಸಿದ ದಿನ ಮುಚ್ಚಬೇಡಿ. ಆ ಹೊತ್ತಿಗೆ ಡೈವೋರ್ಸ್ ಆಗಿದ್ದರೂ, ಮದುವೆ ನಿಜವಾಗಿತ್ತು ಅಂತ ತೋರಿಸಿ ಒಬ್ಬರೇ ಹಾಕಲು ದಾರಿ ಇದೆ. ಜೊತೆಗೆ ಬಾಳುತ್ತಿದ್ದರೆ, ಕಾರ್ಡು ಬಂದ ದಿನದಿಂದ ಮೂರು ವರ್ಷಕ್ಕೆ ಪೌರತ್ವ ಕೇಳಬಹುದು.

ನೀವು ಕೇಳಿಲ್ಲ, ಆದರೂ ಹೇಳಬೇಕು. "ನಾನು ಪೇಪರ್ ವಾಪಸ್ ತಗೊಂಡರೆ ನೀನು ಊರಿಗೆ" ಅಂತ ಹೆದರಿಸಿ ಹೊಡೆಯುವ ಸಿಟಿಜನ್ ಗಂಡಂದಿರೂ, ಹೆಂಡತಿಯರೂ ಇದ್ದಾರೆ. ಮಹಿಳೆಯರ ಮೇಲಿನ ಹಿಂಸೆ ತಡೆಯಲು ತಂದ 1994ರ ಕಾನೂನಿನಡಿ ಅಂಥವರ ಸಂಗಾತಿ ಐ-360 ಮೂಲಕ ತಾನೇ ಅರ್ಜಿ ಹಾಕಬಹುದು. ಆ ಅರ್ಜಿಯ ವಿಷಯವನ್ನು ಹೊಡೆದವರಿಗೆ ತಿಳಿಸುವುದಿಲ್ಲ. ಗಂಡಸರಿಗೂ ಇದು ಅನ್ವಯಿಸುತ್ತದೆ.

ಕೊನೆಗೆ ವಕೀಲರ ಪ್ರಶ್ನೆ. ಹಿಂದೆ ಬಂಧನ, ಹಳೆಯ ಮದುವೆ, ತಿರಸ್ಕಾರವಾದ ಹಳೆಯ ಅರ್ಜಿ, ಎರಡು ವರ್ಷ ಊರಿನಲ್ಲಿರಬೇಕು ಅನ್ನುವ ಷರತ್ತಿನ ಜೆ-1 ವೀಸಾ, ಇಂಥವು ಇದ್ದವರು ವಕೀಲರಿಲ್ಲದೆ ಕೈಹಾಕಬಾರದು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಫಾರಂಗಳನ್ನು ನೀವೇ ತುಂಬಬಹುದು, ತುಂಬುವವರು ಬೇಕಾದಷ್ಟಿದ್ದಾರೆ. ಆದರೆ ಅಮ್ಮನಿಗಾಗಿ ಊರಿಗೆ ಹೋಗಬೇಕಿರುವುದರಿಂದ ಒಂದು ಗಂಟೆಯ ಸಲಹೆಗೆ ದುಡ್ಡು ಕೊಡುವುದು ಮೇಲು. ವಕೀಲರ ಲೈಸೆನ್ಸ್ ಇಲ್ಲದ "ಕನ್ಸಲ್ಟೆಂಟ್"ಗಳ ಹತ್ತಿರ ಬೇಡ. ಹೋಗುವಾಗ ಆಪರೇಷನ್ ದಿನಾಂಕ, ದೇಶದೊಳಗೆ ಬಂದ ದಾಖಲೆಯಾದ ಐ-94, ಪಾಸ್‌ಪೋರ್ಟ್, ಓಪಿಟಿ ಕಾರ್ಡ್ ತೆಗೆದುಕೊಂಡು ಹೋಗಿ. ಗಂಡನನ್ನೂ ಕರೆದುಕೊಂಡು ಹೋಗಿ. ಐ-130ರ ಮೇಲೆ ಅರ್ಜಿದಾರ ಅಂತ ಸಹಿ ಹಾಕುವವರು ಅವರು, ನೀವಲ್ಲ.